‘ಬೆಡ್’ ಅಂದರೆ ಬರೀ ಹಾಸಿಗೆಯಲ್ಲ: ಹೋಂಸ್ಟೇ, ಆಸ್ಪತ್ರೆ, ತೋಟದಲ್ಲಿ ಈ ಪದವನ್ನು ಸರಿಯಾಗಿ ಹಿಡಿಯುವ ಬಗೆ

ಚಿಕ್ಕಮಗಳೂರು ಕಡೆ ‘ಬೆಡ್’ ಎಂಬ ಇಂಗ್ಲಿಷ್ ಪದ ಯಾರ ಬಾಯಲ್ಲಿ ಬಂದರೆ ಏನರ್ಥ ಎಂದು ಸ್ವಲ್ಪ ಗಮನಿಸಿ. ಹೋಂಸ್ಟೇಗೆ ಫೋನ್ ಮಾಡಿದವರು ‘ಎಕ್ಸ್‌ಟ್ರಾ ಬೆಡ್ ಸಿಗುತ್ತಾ’ ಅನ್ನುತ್ತಾರೆ. ಕಾಫಿ ನರ್ಸರಿಯ ಮೇಸ್ತ್ರಿ ‘ಬೆಡ್‌ಗೆ ನೀರು ಬಿಟ್ರಾ’ ಅಂತ ಕೂಗುತ್ತಾರೆ. ಆಸ್ಪತ್ರೆಯಲ್ಲಿ ‘ಬೆಡ್ ಖಾಲಿ ಇಲ್ಲ’. ಮನೆ ಕಟ್ಟುವ ಗಾರೆ ಮೇಸ್ತ್ರಿ ‘ನಾಳೆ ಬೆಡ್ ಹಾಕ್ತೀವಿ, ಜಲ್ಲಿ ತರಿಸಿಡಿ’ ಅನ್ನುತ್ತಾರೆ. ನಾಲ್ವರೂ ಪದವನ್ನು ಸರಿಯಾಗಿಯೇ ಬಳಸುತ್ತಿದ್ದಾರೆ. ‘ಬೆಡ್ ಎಂದರೆ ಹಾಸಿಗೆ’ ಎಂದು ಶಾಲೆಯಲ್ಲಿ ಒಂದೇ ಅರ್ಥ ಬಾಯಿಪಾಠ ಮಾಡಿದವರಿಗೆ ಮಾತ್ರ ತೊಡಕು.

ಅರ್ಥಗಳ ಉದ್ದ ಪಟ್ಟಿ ಉರುಹೊಡೆಯುವ ಅಗತ್ಯವಿಲ್ಲ. ಕನ್ನಡದ ‘ಹಾಸು’ ಎಂಬ ಕ್ರಿಯಾಪದ ಮನಸ್ಸಿನಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಮಲಗಲು ಹಾಸುವುದು ಹಾಸಿಗೆ, ನೆಲಕ್ಕೆ ಹಾಸಿದ್ದು ಹಾಸುಗಲ್ಲು, ಮಣ್ಣಿನಡಿ ತಾನೇ ಹರಡಿಕೊಂಡಿರುವುದು ಹಾಸುಬಂಡೆ. ಇಂಗ್ಲಿಷಿನ ಬೆಡ್ ಕೂಡ ಇದೇ ಜಾಡಿನದು: ಕೆಳಗೆ ಹರಡಿಕೊಂಡು, ತನ್ನ ಮೇಲೆ ಇನ್ನೊಂದನ್ನು ಹೊತ್ತಿರುವಂಥದ್ದು. ಆದ್ದರಿಂದ ಪದ ಎದುರಾದಾಗ ಮೊದಲು ಕೇಳಿಕೊಳ್ಳಬೇಕಾದ್ದು, ಅದರ ಮೇಲೆ ಏನಿದೆ? ಮನುಷ್ಯರಿದ್ದರೆ ಹಾಸಿಗೆ ಅಥವಾ ಮಂಚ. ಸಸಿಯಿದ್ದರೆ ಮಡಿ, ಪಾತಿ. ನೀರಿದ್ದರೆ ಹೊಳೆಯ ಪಾತ್ರ, ಕೆರೆಯ ಅಂಗಳ. ಗೋಡೆಯಿದ್ದರೆ ಬುನಾದಿಯ ಕಾಂಕ್ರೀಟ್. ಹೋಟೆಲಿನ ಮೆನುವಿನಲ್ಲಿ ‘ಆನ್ ಎ ಬೆಡ್ ಆಫ್ ರೈಸ್’ ಎಂದಿದ್ದರೆ ಅನ್ನ ಹರಡಿ ಅದರ ಮೇಲೆ ಮೀನೋ ಕೋಳಿಯೋ ಇಟ್ಟು ಕೊಡುತ್ತಾರೆ, ಅಷ್ಟೆ. ತೋಟದ ಅರ್ಥ ಆಮೇಲೆ ಅಂಟಿಕೊಂಡದ್ದು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಸಾವಿರ ವರ್ಷ ಹಿಂದಿನ ಹಳೆಯ ಇಂಗ್ಲಿಷಿನಲ್ಲೇ ಮಲಗುವ ಬೆಡ್ಡೂ ಗಿಡ ಹಾಕುವ ಬೆಡ್ಡೂ ಎರಡೂ ಇದ್ದವು.

ಹಿಂದೆ ಮುಂದೆ ಬರುವ ಸಣ್ಣ ಪದಗಳು

ತಪ್ಪು ಹೆಚ್ಚಾಗುವುದು ಬೆಡ್ ಪದದಲ್ಲಲ್ಲ, ಅದರ ಹಿಂದೆ ‘ದ’ ಇದೆಯೋ ಇಲ್ಲವೋ ಎಂಬಲ್ಲಿ. ‘ಗೋ ಟು ಬೆಡ್’ ಎಂದರೆ ಮಲಗಿಕೊಳ್ಳುವುದು. ‘ಗೋ ಟು ದ ಬೆಡ್’ ಎಂದರೆ ಮಂಚದ ಹತ್ತಿರ ನಡೆದುಹೋಗುವುದು. ‘ದ’ ಇಲ್ಲದಿದ್ದರೆ ಬೆಡ್ ಒಂದು ವಸ್ತುವಲ್ಲ, ಮಲಗುವ ಕೆಲಸ. ‘ಗೋ ಟು ಸ್ಕೂಲ್’ ಎಂದಾಗ ಪಾಠಕ್ಕೆ ಹೋಗುವುದು, ‘ಗೋ ಟು ದ ಸ್ಕೂಲ್’ ಎಂದಾಗ ಕಟ್ಟಡಕ್ಕೆ ಹೋಗುವುದು. ಇದೂ ಅದೇ ಲೆಕ್ಕ.

ಹಾಗೆಯೇ ‘ಇನ್’ ಮತ್ತು ‘ಆನ್’. ‘ಶಿ ಈಸ್ ಇನ್ ಬೆಡ್’ ಎಂದರೆ ಹೊದ್ದು ಮಲಗಿದ್ದಾರೆ. ‘ಶಿ ಈಸ್ ಆನ್ ದ ಬೆಡ್’ ಎಂದರೆ ಮಂಚದ ಮೇಲೆ ಕೂತಿರಬಹುದು, ಒರಗಿರಬಹುದು, ಎಚ್ಚರವಾಗಿಯೂ ಇರಬಹುದು. ವಸ್ತುಗಳಿಗೆ ಯಾವಾಗಲೂ ‘ಆನ್ ದ ಬೆಡ್’. ‘ಯುವರ್ ಬ್ಯಾಗ್ ಈಸ್ ಇನ್ ಬೆಡ್’ ಎಂದರೆ ಬ್ಯಾಗು ಹೊದ್ದು ಮಲಗಿದೆ ಎಂದಾಗುತ್ತದೆ.

‘ಮೇಕ್ ದ ಬೆಡ್’ ನಮ್ಮವರನ್ನು ಹೆಚ್ಚು ಕಾಡುವ ಮಾತು. ಮಂಚ ಮಾಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಮನೆಗಳಲ್ಲಿ ರಾತ್ರಿ ಹಾಸಿಗೆ ಹಾಸುತ್ತೇವೆ, ಬೆಳಿಗ್ಗೆ ಸುತ್ತಿಡುತ್ತೇವೆ. ಮಂಚದ ಮೇಲೆ ಹಾಸಿಗೆ ಸದಾ ಇರುವ ಕಡೆ ಬೆಳಿಗ್ಗೆ ಮಾಡುವ ಕೆಲಸ ಬೇರೆ: ಚಾದರ ಎಳೆದು, ದಿಂಬು ಕೊಡವಿ, ಹೊದಿಕೆ ಮಡಚಿ ಓರಣ ಮಾಡುವುದು. ಅದೇ ‘ಮೇಕ್ ದ ಬೆಡ್’. ಹೊಸ ಅತಿಥಿಗೆಂದು ಹಾಸಿಗೆ ಅಣಿಮಾಡುವುದಾದರೆ ‘ಮೇಕ್ ಅಪ್ ಎ ಬೆಡ್’. ‘ಸ್ಟ್ರಿಪ್ ದ ಬೆಡ್’ ಎಂದರೆ ಚಾದರ, ದಿಂಬಿನ ಕವರ್ ಎಲ್ಲ ತೆಗೆದು ಒಗೆಯಲು ಹಾಕುವುದು. ‘ಚೇಂಜ್ ದ ಬೆಡ್’ ಎಂದು ಅತಿಥಿ ಹೇಳಿದರೆ ಮಂಚ ಬದಲಿಸಲು ಇಬ್ಬರನ್ನು ಕರೆಯಬೇಡಿ. ಬಹುಮಟ್ಟಿಗೆ ಅವರು ಕೇಳುತ್ತಿರುವುದು ಒಗೆದ ಚಾದರ. ಅನುಮಾನವಿದ್ದರೆ ‘ಫ್ರೆಶ್ ಶೀಟ್ಸ್?’ ಎಂದು ಕೇಳಿ, ಒಂದೇ ಮಾತಿಗೆ ಬಗೆಹರಿಯುತ್ತದೆ.

ಹೋಂಸ್ಟೇ ನಡೆಸುವವರಿಗೆ

ಜಗಳ, ರೀಫಂಡು, ಕೆಟ್ಟ ರಿವ್ಯೂ ಹುಟ್ಟುವುದು ಇಲ್ಲಿ. ಮೊದಲನೆಯದು ಡಬಲ್ ಮತ್ತು ಟ್ವಿನ್. ‘ಡಬಲ್ ರೂಮ್’ ಎಂದರೆ ಇಬ್ಬರಿಗೆ ಒಂದೇ ದೊಡ್ಡ ಮಂಚ. ‘ಟ್ವಿನ್ ರೂಮ್’ ಎಂದರೆ ಎರಡು ಬೇರೆ ಬೇರೆ ಸಿಂಗಲ್ ಮಂಚ. ಇಬ್ಬರು ಸಹೋದ್ಯೋಗಿಗಳು ಡಬಲ್ ಬುಕ್ ಮಾಡಿ ಒಂದೇ ಮಂಚ ಕಂಡು ಮುಜುಗರಪಡುವುದು, ಹೊಸದಾಗಿ ಮದುವೆಯಾದವರಿಗೆ ಟ್ವಿನ್ ಸಿಗುವುದು, ಎರಡೂ ಈ ಗೊಂದಲದ ಫಲ. ಅಮೆರಿಕದವರು ಟ್ವಿನ್ ಪದವನ್ನು ಒಂದು ಸಿಂಗಲ್ ಮಂಚದ ಅಳತೆಗೂ ಬಳಸುತ್ತಾರೆ. ಆದ್ದರಿಂದ ಬುಕಿಂಗ್ ತೆಗೆದುಕೊಳ್ಳುವಾಗ ಈ ಎರಡು ಪದಗಳನ್ನೇ ಬಿಟ್ಟುಬಿಡಿ. ‘ಒನ್ ಬಿಗ್ ಬೆಡ್ ಆರ್ ಟೂ ಸೆಪರೇಟ್ ಬೆಡ್ಸ್?’ ಎಂದು ಕೇಳಿ, ಉತ್ತರವನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ.

‘ಕಾಟ್’ ಇನ್ನೂ ದೊಡ್ಡ ಬಲೆ. ನಮಗೆ ಕಾಟ್ ಎಂದರೆ ಮಂಚ. ಇಂಗ್ಲೆಂಡಿನವರಿಗೆ ಅದು ನಾಲ್ಕೂ ಕಡೆ ಕಟಕಟೆ ಇರುವ ಎಳೆಮಗುವಿನ ಮಂಚ. ಅಮೆರಿಕದವರಿಗೆ ಮಡಚುವ ಕ್ಯಾನ್ವಾಸ್ ಮಂಚ. ಮಗುವಿನದಕ್ಕೆ ಅವರು ‘ಕ್ರಿಬ್’ ಅನ್ನುತ್ತಾರೆ. ಮಗುವಿರುವ ಕುಟುಂಬ ‘ಡು ಯು ಹ್ಯಾವ್ ಎ ಕಾಟ್?’ ಎಂದು ಬರೆದಾಗ ‘ಯೆಸ್, ಟೀಕ್‌ವುಡ್ ಕಾಟ್’ ಎಂದು ಉತ್ತರಿಸಿದರೆ ರಾತ್ರಿ ಮಗುವನ್ನು ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆ ಬಂದಮೇಲೆ ಏಳುತ್ತದೆ.

‘ಎಕ್ಸ್‌ಟ್ರಾ ಬೆಡ್’ ಎಂದು ನಾವು ಕೊಡುವುದು ಸಾಮಾನ್ಯವಾಗಿ ನೆಲದ ಮೇಲೆ ಹಾಸುವ ಹಾಸಿಗೆ. ಅದನ್ನು ‘ಎಕ್ಸ್‌ಟ್ರಾ ಮ್ಯಾಟ್ರೆಸ್ ಆನ್ ದ ಫ್ಲೋರ್’ ಎಂದು ಮೊದಲೇ ಹೇಳಿ. ಮಂಡಿ ನೋವಿರುವ ಹಿರಿಯರಿಗೆ ನೆಲದಿಂದ ಏಳುವುದೇ ಕಷ್ಟ. ಅವರಿಗೆ ಈ ಮಾತು ಬಹಳ ಮುಖ್ಯ. ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಎಂದು ಬೋರ್ಡಿನಲ್ಲಿದ್ದರೆ ರೂಮು ಮತ್ತು ಬೆಳಗಿನ ತಿಂಡಿ ಮಾತ್ರ. ನಮ್ಮ ಕಡೆ ತಲೆಗಿಷ್ಟು ಎಂದು ಊಟ ತಿಂಡಿ ಎಲ್ಲ ಸೇರಿಸಿ ದರ ಹೇಳುವ ರೂಢಿಯಿದೆ, ಅದಕ್ಕೆ ಈ ಹೆಸರು ಹೊಂದುವುದಿಲ್ಲ. ಮುಳ್ಳಯ್ಯನಗಿರಿ ಚಾರಣಕ್ಕೆ ಬರುವವರಿಗೆ ಡಾರ್ಮಿಟರಿ ಕೊಡುವವರು ‘ಪರ್ ಬೆಡ್’ ಎಂದು ಬರೆದರೆ ಅದು ತಲೆಗೆ ದರ. ಬಂಕ್ ಬೆಡ್ ಆಗಿದ್ದರೆ ಮೇಲಿನದೋ ಕೆಳಗಿನದೋ ಎಂದೂ ಕೇಳಿಕೊಳ್ಳಿ.

‘ಬೆಡ್ ಕಾಫಿ’ ಭಾರತದ ಇಂಗ್ಲಿಷ್. ಹೊರದೇಶದವರಿಗೆ ಅರ್ಥವಾಗಬಹುದು, ಆಗದೆಯೂ ಇರಬಹುದು. ‘ಕಾಫಿ ಇನ್ ಯುವರ್ ರೂಮ್ ಬಿಫೋರ್ ಬ್ರೇಕ್‌ಫಾಸ್ಟ್?’ ಎಂದರೆ ಯಾರಿಗೂ ಗೊಂದಲವಿಲ್ಲ.

ಇನ್ನು ‘ಬೆಡ್‌ಶೀಟ್’. ನಾವು ಹಾಸುವುದಕ್ಕೂ ಬೆಡ್‌ಶೀಟ್ ಅನ್ನುತ್ತೇವೆ, ಹೊದೆಯುವುದಕ್ಕೂ ಬೆಡ್‌ಶೀಟ್ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ತೆಳು ಬಟ್ಟೆ ಮಾತ್ರ. ಡಿಸೆಂಬರ್ ಚಳಿಯಲ್ಲಿ ಅತಿಥಿ ‘ಒನ್ ಮೋರ್ ಬ್ಲಾಂಕೆಟ್’ ಎಂದರೆ ಅವರಿಗೆ ಬೇಕಾದ್ದು ರಗ್ಗು ಅಥವಾ ಕಂಬಳಿ. ಇನ್ನೊಂದು ಚಾದರ ಕೊಟ್ಟು ಬಂದರೆ ರಾತ್ರಿಯಿಡೀ ನಡುಗುತ್ತಾರೆ. ಮೇಲೆ ಅಲಂಕಾರಕ್ಕೆ ಹಾಸುವುದು ‘ಬೆಡ್‌ಸ್ಪ್ರೆಡ್’, ಇವೆಲ್ಲ ಒಟ್ಟಾಗಿ ‘ಬೆಡ್ಡಿಂಗ್’. ಕೊಟ್ಟಿಗೆಯಲ್ಲಿ ದನದ ಕೆಳಗೆ ಹಾಸುವ ಸೊಪ್ಪು, ದರಗು, ಹುಲ್ಲಿಗೂ ಇಂಗ್ಲಿಷಿನಲ್ಲಿ ಬೆಡ್ಡಿಂಗ್ ಎಂದೇ ಹೆಸರು.

ಅಳತೆಯ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಕ್ವೀನ್ ಎಂದರೆ 60 × 78 ಇಂಚು, ಕಿಂಗ್ ಎಂದರೆ 72 × 78 ಇಂಚು. ಚಾದರ ಕೊಳ್ಳುವಾಗ ಹಾಸಿಗೆಯ ದಪ್ಪವನ್ನೂ ಲೆಕ್ಕ ಹಾಕಿ. 8 ಇಂಚು ದಪ್ಪದ ಕಿಂಗ್ ಹಾಸಿಗೆಗೆ ಅಗಲದಲ್ಲಿ 72 ಮತ್ತು ಎರಡು ಬದಿಗೆ 8, 8 ಸೇರಿ 88 ಇಂಚು ಬೇಕು. ‘ಡಬಲ್’ ಎಂದು ಮಾರುವ 90 × 100 ಚಾದರ ಹಾಕಿದರೆ ಒಂದೊಂದು ಬದಿಗೆ ಒಂದೇ ಇಂಚು ಮಿಗುತ್ತದೆ; ಅತಿಥಿ ಮಗ್ಗುಲು ಬದಲಿಸಿದೊಡನೆ ಕಿತ್ತು ಬರುತ್ತದೆ. 108 × 108 ತೆಗೆದುಕೊಂಡರೆ ಬದಿಗೆ 10 ಇಂಚು ಒಳಗೆ ಸಿಕ್ಕಿಸಬಹುದು.

ಸಿಕ್ಕಿಸುವುದಕ್ಕೂ ಒಂದು ಕ್ರಮವಿದೆ, ‘ಹಾಸ್ಪಿಟಲ್ ಕಾರ್ನರ್’ ಎಂದು ಕರೆಯುತ್ತಾರೆ. ಮೊದಲು ಕಾಲಿನ ಕಡೆ ಚಾದರವನ್ನು ಪೂರ್ತಿ ಹಾಸಿಗೆಯಡಿ ತಳ್ಳಿ. ಮೂಲೆಯಿಂದ ಒಂದು ಮೊಳ ದೂರದಲ್ಲಿ ಇಳಿಬಿದ್ದ ಅಂಚನ್ನು ಹಿಡಿದೆತ್ತಿ ಹಾಸಿಗೆಯ ಮೇಲೆ ಮಡಚಿಡಿ, ತ್ರಿಕೋನ ಕಾಣಬೇಕು. ಕೆಳಗೆ ಜೋತಾಡುವ ಭಾಗವನ್ನು ಒಳಗೆ ಸಿಕ್ಕಿಸಿ. ಈಗ ಮೇಲಿನ ತ್ರಿಕೋನವನ್ನು ಕೆಳಗಿಳಿಸಿ, ಮಡಿಕೆ ಓರೆಯಾಗಿ 45 ಡಿಗ್ರಿಯಲ್ಲಿ ನಿಲ್ಲುವಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅದನ್ನೂ ಒಳಗೆ ತಳ್ಳಿ. ಮೂಲೆಯನ್ನು ಕೊನೆಗೆ ಮಡಚುವೆನೆಂದು ಬದಿಯನ್ನು ಮೊದಲು ಸಿಕ್ಕಿಸಿದರೆ ಮೂಲೆಯಲ್ಲಿ ಬಟ್ಟೆ ಗಂಟಾಗಿ ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ

ಇಲ್ಲಿ ಬೆಡ್ ಎಂದರೆ ಒಬ್ಬ ರೋಗಿಗೆ ಇರುವ ಜಾಗ. ಪತ್ರಿಕೆಗಳು ‘100 ಹಾಸಿಗೆಗಳ ಆಸ್ಪತ್ರೆ’ ಎಂದು ಬರೆಯುವುದು ಇದೇ ಅರ್ಥದಲ್ಲಿ. ‘ಬೆಡ್‌ರಿಡನ್’ ಎಂದರೆ ಹಾಸಿಗೆ ಹಿಡಿದವರು, ಏಳಲಾಗದವರು. ಎರಡು ದಿನ ಜ್ವರ ಬಂದು ಮಲಗಿದವರಿಗೆ ಆ ಪದ ಬಳಸಬೇಡಿ. ಅವರು ‘ಇನ್ ಬೆಡ್ ವಿತ್ ಫೀವರ್’. ರಜೆಯ ಅರ್ಜಿಯಲ್ಲಿ ‘ಐ ಆಮ್ ಬೆಡ್‌ರಿಡನ್’ ಎಂದು ಬರೆದರೆ ಓದಿದವರು ಗಾಬರಿಯಾಗುತ್ತಾರೆ.

ವೈದ್ಯರು ‘ಬೆಡ್ ರೆಸ್ಟ್’ ಎಂದು ಬರೆದಾಗ ಬಚ್ಚಲಿಗೆ ಎದ್ದು ಹೋಗಬಹುದೇ, ಕೂತು ಊಟ ಮಾಡಬಹುದೇ ಎಂದು ಕೇಳಿಯೇ ಹೊರಡಿ. ‘ಕಂಪ್ಲೀಟ್ ಬೆಡ್ ರೆಸ್ಟ್’ ಎಂದಿದ್ದರೆ ಇದು ಇನ್ನೂ ಮುಖ್ಯ. ‘ಬೆಡ್‌ಸೋರ್’ ಎಂದರೆ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿ ಆಗುವ ಹುಣ್ಣು. ಅದಾಗದಿರಲೆಂದು ರೋಗಿಯನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹೇಳುತ್ತಾರೆ, ‘ವಾಟರ್ ಬೆಡ್’, ‘ಏರ್ ಬೆಡ್’ ತರಿಸುವುದೂ ಅದಕ್ಕೇ. ‘ಬೆಡ್‌ಸೈಡ್ ಮ್ಯಾನರ್’ ಎಂಬುದು ಹಾಸಿಗೆಯ ಸುದ್ದಿಯಲ್ಲ, ವೈದ್ಯರು ರೋಗಿಯೊಡನೆ ನಡೆದುಕೊಳ್ಳುವ ರೀತಿ.

ತೋಟ ಮತ್ತು ಹೊಲ

ನರ್ಸರಿಯ ಇಂಗ್ಲಿಷ್ ಕೈಪಿಡಿ ಓದುವವರಿಗೆ ಇದು ಬೇಕು. ‘ಸೀಡ್ ಬೆಡ್’ ಅಥವಾ ‘ಜರ್ಮಿನೇಷನ್ ಬೆಡ್’ ಎಂದರೆ ಬೀಜ ಮೊಳೆಯುವ ಒಟ್ಟಲು ಪಾತಿ. ಕಾಫಿಗೆ ಇದನ್ನು 1 ಮೀಟರ್ ಅಗಲ, 15 ಸೆಂ.ಮೀ. ಎತ್ತರ, ಅನುಕೂಲವಾದಷ್ಟು ಉದ್ದಕ್ಕೆ ಮಾಡುತ್ತಾರೆ. ಅಗಲ ಒಂದೇ ಮೀಟರ್ ಯಾಕೆಂದರೆ ಮಡಿಯನ್ನು ತುಳಿಯದೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕಬೇಕು. ಎತ್ತರ ಯಾಕೆಂದರೆ ನೀರು ನಿಂತರೆ ಎಳೆ ಸಸಿಯ ಕುತ್ತಿಗೆ ಕೊಳೆತು ಬೀಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೀಜದ ಚಪ್ಪಟೆ ಮುಖ ಕೆಳಗೆ ಬರುವಂತೆ ಊರಿ, ತೆಳುವಾಗಿ ನಯಮಣ್ಣು ಉದುರಿಸಿ, ಮೇಲೆ ಭತ್ತದ ಹುಲ್ಲು ಹೊದಿಸಿ ದಿನವೂ ನೀರು ಚಿಮುಕಿಸುತ್ತಾರೆ. ಸುಮಾರು 45 ದಿನಕ್ಕೆ ಮೊಳಕೆ ಬರುತ್ತದೆ. ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತ ‘ಟೋಪಿ’ ಹಂತದಲ್ಲಿ ಸಸಿ ಎತ್ತಿ 23 × 15 ಸೆಂ.ಮೀ. ಪಾಲಿಥಿನ್ ಚೀಲಕ್ಕೋ ಎರಡನೆಯ ಮಡಿಗೋ ಹಾಕುತ್ತಾರೆ. ಈ ಎರಡನೆಯದು ‘ನರ್ಸರಿ ಬೆಡ್’.

ಹಾಸನದ ಶುಂಠಿ ಬೆಳೆಗಾರರ ಬಾಯಲ್ಲಿ ಬೆಡ್ ಎಂದರೆ ‘ರೈಸ್ಡ್ ಬೆಡ್’, ಏರುಮಡಿ: 1 ಮೀಟರ್ ಅಗಲ, 30 ಸೆಂ.ಮೀ. ಎತ್ತರ, ಮಡಿಗೂ ಮಡಿಗೂ 50 ಸೆಂ.ಮೀ. ಕಾಲುವೆ. ಆ ಕಾಲುವೆ ಮುಚ್ಚಿಹೋದರೆ ಗೆಡ್ಡೆ ಕೊಳೆಯುವುದು ಖಂಡಿತ. ಕಡೂರು, ಅರಸೀಕೆರೆಯ ಒಣನೆಲದಲ್ಲಿ ಬೇಸಿಗೆಯ ತರಕಾರಿಗೆ ನೀರು ನಿಲ್ಲಲೆಂದು ತಗ್ಗಾಗಿ ಮಾಡುವುದು ‘ಸಂಕನ್ ಬೆಡ್’.

ಕಾಫಿ ಪ್ಯಾಕೆಟ್ಟಿನ ಮೇಲೆ ‘ರೈಸ್ಡ್ ಬೆಡ್ ಡ್ರೈಡ್’ ಎಂದಿದ್ದರೆ ಏರುಮಡಿ ಎಂದುಕೊಳ್ಳಬೇಡಿ. ಕಾಲುಗಳ ಮೇಲೆ ಸೊಂಟದೆತ್ತರಕ್ಕೆ ಬಲೆ ಬಿಗಿದು, ಅದರ ಮೇಲೆ ಕಾಫಿಯನ್ನು ತೆಳ್ಳಗೆ ಹರಡಿ ಆಗಾಗ ಕೈಯಾಡಿಸಿ ಒಣಗಿಸಿದ್ದು ಎಂದರ್ಥ. ಒಂದೇ ಎಸ್ಟೇಟಿನಲ್ಲಿ ಒಂದೇ ಪದಕ್ಕೆ ಎರಡರ್ಥ. ಮೇಲೆ ಸಸಿಯಿದೆಯೋ ಒಣಗುವ ಕಾಫಿಯಿದೆಯೋ ಎಂದು ಕೇಳಿದರೆ ಗೊತ್ತಾಗಿಬಿಡುತ್ತದೆ.

ನೀರು, ಕಲ್ಲು, ಕಟ್ಟಡ

‘ರಿವರ್ ಬೆಡ್’ ಎಂದರೆ ಹೊಳೆಯ ಪಾತ್ರ, ‘ಸೀ ಬೆಡ್’ ಸಮುದ್ರದ ತಳ, ‘ಟ್ಯಾಂಕ್ ಬೆಡ್’ ಕೆರೆಯಂಗಳ. ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಸುತ್ತ ನಾವು ನಡೆದಾಡುವ ಒಣನೆಲ ಜಲಾಶಯದ ಬೆಡ್. ಜಮೀನು ಕೊಳ್ಳುವವರು ಗಮನಿಸಿ: ಇಂಗ್ಲಿಷ್ ಪತ್ರದಲ್ಲಿ ಎಲ್ಲಾದರೂ ‘ಟ್ಯಾಂಕ್ ಬೆಡ್’ ಎಂದು ಕಂಡರೆ ಅದು ಸರ್ಕಾರಿ ಕೆರೆಯ ಜಾಗವಿರಬಹುದು. ಪಹಣಿ, ನಕ್ಷೆ ತೆಗೆಸಿ ನೋಡುವವರೆಗೆ ಮುಂಗಡ ಕೊಡಬೇಡಿ.

ಗಾರೆ ಮೇಸ್ತ್ರಿಯ ‘ಬೆಡ್’ ಎಂದರೆ ಪಾಯದ ಗುಂಡಿಯ ತಳಕ್ಕೆ ಹಾಕುವ ಕಾಂಕ್ರೀಟು, ಎಂಜಿನಿಯರ್ ನಕ್ಷೆಯಲ್ಲಿ ಅದು ಪಿಸಿಸಿ, ಅಂದರೆ ಕಬ್ಬಿಣವಿಲ್ಲದ ‘ಪ್ಲೇನ್ ಸಿಮೆಂಟ್ ಕಾಂಕ್ರೀಟ್’. ಸಿಮೆಂಟ್, ಮರಳು, ಜಲ್ಲಿಯ ಸಾಮಾನ್ಯ ಪಾಕ 1:4:8, ಜಲ್ಲಿ 40 ಮಿ.ಮೀ., ದಪ್ಪ 4ರಿಂದ 6 ಇಂಚು. ಲಾರಿಯ ಸರಕು ಹೊರುವ ಭಾಗ ‘ಟ್ರಕ್ ಬೆಡ್’, ನಮ್ಮ ಮಾತಿನಲ್ಲಿ ಬಾಡಿ. ‘ಬೆಡ್‌ರಾಕ್’ ಎಂದರೆ ಹಾಸುಬಂಡೆ. ಅಲ್ಲಿಂದಲೇ ಯಾವುದಾದರೂ ವಿಚಾರದ ಬುನಾದಿ ಎಂಬ ಅರ್ಥವೂ ಬಂದಿದೆ.

ನುಡಿಗಟ್ಟುಗಳು

ಕೆಲವಕ್ಕೆ ಕನ್ನಡದಲ್ಲಿ ತಕ್ಕ ಜೋಡಿ ಸಿದ್ಧವಾಗಿದೆ. ಬೆಳಿಗ್ಗೆಯಿಂದ ಸಿಡುಕುತ್ತಿರುವವರನ್ನು ಕಂಡು ‘ಎಡಮಗ್ಗುಲಲ್ಲಿ ಎದ್ದಿರಬೇಕು’ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ‘ಗಾಟ್ ಅಪ್ ಆನ್ ದ ರಾಂಗ್ ಸೈಡ್ ಆಫ್ ದ ಬೆಡ್’. ಇವತ್ತಿನ ಸಿಡುಕಿಗೆ ಮಾತ್ರ ಇದನ್ನು ಬಳಸಿ, ಹುಟ್ಟು ಮುಂಗೋಪಿಗಳಿಗೆ ಹೊಂದುವುದಿಲ್ಲ. ‘ಬೆಡ್ ಆಫ್ ರೋಸಸ್’ ಹೂವಿನ ಹಾಸಿಗೆ. ಎರಡೂ ಭಾಷೆಯಲ್ಲಿ ಹೆಚ್ಚಾಗಿ ‘ಅಲ್ಲ’ ಎಂಬುದರ ಜೊತೆಗೇ ಬರುತ್ತದೆ. ‘ಬೆಡ್ ಆಫ್ ನೇಲ್ಸ್’ ಮುಳ್ಳಿನ ಹಾಸಿಗೆ. ಭೀಷ್ಮನ ಶರಶಯ್ಯೆಯನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಬೆಡ್ ಆಫ್ ಆರೋಸ್’ ಎಂದರೆ ಸರಿಯಾಗಿ ಕೂರುತ್ತದೆ.

‘ಯು ಹ್ಯಾವ್ ಮೇಡ್ ಯುವರ್ ಬೆಡ್, ನೌ ಲೈ ಇನ್ ಇಟ್’ ಎಂಬುದು ನಮ್ಮ ‘ಮಾಡಿದ್ದುಣ್ಣೋ ಮಹಾರಾಯ’. ಅಷ್ಟೇ ಕಟುವಾದ ಮಾತು. ಸಾಲದಲ್ಲಿ ಸಿಕ್ಕಿಕೊಂಡು ಕಣ್ಣೀರು ಹಾಕುತ್ತಿರುವವರ ಮುಂದೆ ಆಡುವಂಥದ್ದಲ್ಲ.

‘ಪುಟ್ ಟು ಬೆಡ್’ ಮಗುವಿನ ವಿಷಯದಲ್ಲಿ ಮಲಗಿಸುವುದು, ಗಾಳಿಸುದ್ದಿಯ ಅಥವಾ ತಕರಾರಿನ ವಿಷಯದಲ್ಲಿ ಒಂದು ಇತ್ಯರ್ಥಕ್ಕೆ ತರುವುದು, ಪತ್ರಿಕೆಯ ವಿಷಯದಲ್ಲಿ ಪುಟಗಳನ್ನು ಅಚ್ಚಿಗೆ ಕಳಿಸುವುದು. ಮೀಟಿಂಗಿನಲ್ಲಿ ‘ಲೆಟ್ಸ್ ಪುಟ್ ದಿಸ್ ಟು ಬೆಡ್’ ಎಂದರೆ ಮುಂದಕ್ಕೆ ಹಾಕೋಣ ಎಂದು ಅನೇಕರು ತಿಳಿಯುತ್ತಾರೆ. ಅರ್ಥ ಪೂರ್ತಿ ಉಲ್ಟಾ, ಇವತ್ತೇ ಮುಗಿಸಿಬಿಡೋಣ ಎಂದು.

‘ಇನ್ ಬೆಡ್ ವಿತ್’ ಬಗ್ಗೆ ಎಚ್ಚರ ಬೇಕು. ರಾಜಕೀಯ ವರದಿಯಲ್ಲಿ ಗುತ್ತಿಗೆದಾರರೊಡನೆ ಅಧಿಕಾರಿ ‘ಇನ್ ಬೆಡ್’ ಎಂದರೆ ಒಳಗೊಳಗೇ ಶಾಮೀಲು ಎಂದರ್ಥ. ವ್ಯಕ್ತಿಗಳ ಬಗ್ಗೆ ಹೇಳಿದಾಗ ದೈಹಿಕ ಸಂಬಂಧ ಎಂದೇ ಕೇಳಿದವರು ತಿಳಿಯುತ್ತಾರೆ. ಹಿಂದೆ ಹೇಳಿದ ‘ಇನ್ ಬೆಡ್ ವಿತ್ ಫೀವರ್’ನಲ್ಲಿ ಕಾಯಿಲೆಯ ಹೆಸರು ಇರುವುದರಿಂದ ತೊಂದರೆಯಿಲ್ಲ, ಆ ಜಾಗದಲ್ಲಿ ಮನುಷ್ಯರ ಹೆಸರು ಬರಬಾರದು. ಶಾಲಾ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರು ಇದನ್ನು ನಾಚಿಕೊಂಡು ಬಿಟ್ಟುಬಿಡದೆ ಒಮ್ಮೆ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು, ಮುಂದೆ ಅವರಿಗೆ ಅವಮಾನ ತಪ್ಪುತ್ತದೆ.

‘ಹಾಟ್‌ಬೆಡ್’ ಮೂಲತಃ ಹಸಿ ಗೊಬ್ಬರ ಕೊಳೆಯುವಾಗಿನ ಕಾವಿನಲ್ಲಿ ಸಸಿ ಎಬ್ಬಿಸುವ ಮಡಿ. ಈಗ ಕೆಟ್ಟದ್ದು ಬೇಗ ಬೆಳೆಯುವ ತಾಣಕ್ಕೆ ಹೆಚ್ಚು ಬಳಕೆ: ಭ್ರಷ್ಟಾಚಾರದ, ಗಲಭೆಯ ಹಾಟ್‌ಬೆಡ್. ‘ಹಾಸನ ಈಸ್ ಎ ಹಾಟ್‌ಬೆಡ್ ಆಫ್ ಜಿಂಜರ್’ ಎಂದರೆ ಶುಂಠಿಯೇ ಅಪರಾಧವಾದಂತೆ ಕೇಳುತ್ತದೆ. ಅಲ್ಲಿ ‘ಹಬ್’ ಸಾಕು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಹಾಸಿಗೆಯನ್ನು ಹಾಗೇ ಹೊತ್ತೊಯ್ಯಬೇಡಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕೆ ಇಂಗ್ಲಿಷಿನವರು ಬೆಡ್ ತರುವುದೇ ಇಲ್ಲ, ಬಟ್ಟೆ ಇದ್ದಷ್ಟು ಕೋಟು ಕತ್ತರಿಸು ಅನ್ನುತ್ತಾರೆ. ‘ಹಾಸಿ ಹೊದೆಯುವಷ್ಟು ಬಡತನ’ಕ್ಕೆ ನೇರವಾದ ಮಾತಿಲ್ಲ, ‘ಗ್ರೈಂಡಿಂಗ್ ಪಾವರ್ಟಿ’ ಹತ್ತಿರ ಬರುತ್ತದೆ. ‘ಹಾಸಿಗೆ ಹಿಡಿದರು’ ಮಾತ್ರ ಚೆನ್ನಾಗಿ ಒಪ್ಪುತ್ತದೆ: ‘ಟುಕ್ ಟು ಹಿಸ್ ಬೆಡ್’. ‘ಹಿಡಿ’ಯನ್ನು ‘ಕ್ಯಾಚ್’ ಮಾಡಿ ‘ಕಾಟ್ ದ ಬೆಡ್’ ಎಂದು ಬರೆಯಬೇಡಿ.

ಬೆಡ್ ಅಲ್ಲದ ಬೆಡ್‌ಗಳು

‘ಬೆಡ್‌ಲಮ್’ ಎಂದರೆ ಗೊಂದಲ, ಗದ್ದಲ. ಲಂಡನ್ನಿನ ಬೆತ್ಲೆಹೆಮ್ ಮಾನಸಿಕ ಆಸ್ಪತ್ರೆಯ ಹೆಸರು ಜನರ ಬಾಯಲ್ಲಿ ಸವೆದು ಬಂದ ಪದ. ‘ಬಿಡೆಕ್’ ಎಂದರೆ ಅಲಂಕರಿಸು. ಅದು ‘ಬಿ’ ಮತ್ತು ‘ಡೆಕ್’, ಉಚ್ಚಾರಣೆಯಲ್ಲೂ ಬೆಡ್ ಇಲ್ಲ. ಮರುಭೂಮಿಯ ‘ಬೆಡೊಯಿನ್’ ಅರಬ್ಬಿಯಿಂದ ಬಂದದ್ದು.

ಕೊನೆಯದಾಗಿ ಹಾಸನ, ಚಿಕ್ಕಮಗಳೂರಿನ ಪದವೀಧರರಿಗೆ ಒಂದು ಮಾತು. ಬಿ.ಎಡ್. ಪದವಿಯ ಹೆಸರನ್ನು ಚುಕ್ಕೆಯಿಲ್ಲದೆ ಎಲ್ಲ ಸಣ್ಣಕ್ಷರದಲ್ಲಿ ಟೈಪ್ ಮಾಡಿದರೆ ಅದು ಬೆಡ್ ಆಗಿಬಿಡುತ್ತದೆ. ಬಯೋಡೇಟಾದಲ್ಲಿ, ಶಿಕ್ಷಕರ ಹುದ್ದೆಯ ಅರ್ಜಿಯಲ್ಲಿ, ಇಮೇಲಿನ ವಿಷಯದ ಸಾಲಿನಲ್ಲಿ ‘ಬಿ’ ಮತ್ತು ‘ಇ’ ಎರಡನ್ನೂ ದೊಡ್ಡಕ್ಷರದಲ್ಲಿ, ನಡುವೆ ಚುಕ್ಕೆ ಇಟ್ಟು ಬರೆಯಿರಿ. ಫೋನಿನ ಕೀಬೋರ್ಡು ತಾನಾಗಿ ತಿದ್ದಿ ಚುಕ್ಕೆ ತೆಗೆದುಹಾಕುವುದುಂಟು. ಕಳಿಸುವ ಮೊದಲು ಆ ಒಂದು ಸಾಲನ್ನು ಮತ್ತೊಮ್ಮೆ ಓದಿ.